ಕೊಪ್ಪಳ ಕೋಟೆ, 1858: ಮುಂಡರಗಿ ಭೀಮರಾವ್ ಬಂಡಾಯ

1857ರ ನಿಶ್ಶಸ್ತ್ರೀಕರಣ ಕಾಯ್ದೆಯೇ ಈ ಬಂಡಾಯದ ಮುಖ್ಯ ಕಾರಣ. ಹಲಗಲಿಯ ಬೇಡರನ್ನು ದಂಗೆಗೆ ಕೆರಳಿಸಿದ್ದೂ ಇದೇ ಕಾಯ್ದೆ. ನಾಯಕರು ಮುಂಡರಗಿ ಭೀಮರಾವ್. ಜೊತೆಗಾರ ಹಮ್ಮಿಗಿ ಕೆಂಚನಗೌಡ. ಭೀಮರಾವ್ ಹಿಂದೆ ಕಂಪನಿ ಸರ್ಕಾರದ ನೌಕರಿಯಲ್ಲಿದ್ದವರು, ಆಡಳಿತದ ಒಳಗುಟ್ಟು ಬಲ್ಲವರು.

1858ರ ಮೇ ಕೊನೆಯಲ್ಲಿ ಡಂಬಳದ ಖಜಾನೆ ಲೂಟಿ ಮಾಡಿ, ಕೊಪ್ಪಳ ಕೋಟೆ ಹಿಡಿದರು. ಕೊಪ್ಪಳ ಆಗ ನಿಜಾಮನ ಸೀಮೆ. ಆದರೂ ಮೇಜರ್ ಹ್ಯೂಸ್ ನೇತೃತ್ವದ ಬ್ರಿಟಿಷ್ ಪಡೆ ತಡಮಾಡದೆ ಮುತ್ತಿಗೆ ಹಾಕಿತು. ಜೂನ್ 1ರಂದು ಕೋಟೆ ಬಿತ್ತು. ಭೀಮರಾವ್, ಕೆಂಚನಗೌಡ ಇಬ್ಬರೂ ಹೋರಾಡುತ್ತ ಮಡಿದರು. ಸೆರೆಸಿಕ್ಕ ಹಲವರಿಗೆ ಮರಣದಂಡನೆಯಾಯಿತು.

ಗಮನಿಸಿ: ಅದೇ ದಿನಗಳಲ್ಲಿ ನರಗುಂದದಲ್ಲೂ ದಂಗೆ ನಡೆಯಿತು; ಅದರ ನಾಯಕ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಈ ಎರಡು ದಂಗೆಗಳನ್ನು ಬೆರೆಸಿಯೇ ಪ್ರಶ್ನೆಪತ್ರಿಕೆ ಕೆಣಕುವುದು. 1819ರ ಕೊಪ್ಪಳ ವೀರಪ್ಪನ ದಂಗೆಯೂ ಇದಕ್ಕಿಂತ ಬೇರೆ.