ಹುಡುಗಿಯರ ಫುಟ್‌ಬಾಲ್

ಆಟ ಆಡಿದರೆ ಹೊಟ್ಟೆ ತುಂಬುತ್ತಾ ಅಂತ ನಾವು ಕೇಳುತ್ತೇವೆ. ಹೆಣ್ಣುಮಕ್ಕಳು ಆಡಲು ಹೊರಟರಂತೂ ಬೇಡವೇ ಬೇಡ ಅನ್ನುತ್ತೇವೆ. ಈ ಸಂಗತಿ ಓದೋಣ.

ಜಾರ್ಖಂಡಿನ ರಾಂಚಿ ಹತ್ತಿರದ ಹಳ್ಳಿಗಳು. ಅಲ್ಲಿ ಬಹಳ ಹುಡುಗಿಯರಿಗೆ ಚಿಕ್ಕ ವಯಸ್ಸಿನಲ್ಲೇ ಮದುವೆ ಆಗುತ್ತಿತ್ತು. 2009ರಲ್ಲಿ 'ಯುವಾ' ಎಂಬ ಸಂಸ್ಥೆ ಅವರಿಗೆ ಫುಟ್‌ಬಾಲ್ ಕಲಿಸತೊಡಗಿತು.

ಸ್ಪೇನ್ ದೇಶದಲ್ಲಿ ಜುಲೈ ಅಂದರೆ ಬೇಸಿಗೆ ರಜ. ಆಗ ಮಕ್ಕಳ ಫುಟ್‌ಬಾಲ್ ಪಂದ್ಯಗಳು ನಡೆಯುತ್ತವೆ. 2013ರಲ್ಲಿ ಈ ಹಳ್ಳಿಗಳ 18 ಹುಡುಗಿಯರು ಅಲ್ಲಿಗೆ ಹೊರಟರು. ಪಾಸ್‌ಪೋರ್ಟಿಗೆ ಜನನ ಪ್ರಮಾಣಪತ್ರ ಬೇಕಿತ್ತು. ಹಲವರ ಹತ್ತಿರ ಅದೇ ಇರಲಿಲ್ಲ! ಅಲೆದು ಅಲೆದು ಪಡೆದರು. ಗಾಸ್ತೇಯ್ಸ್ ಕಪ್ ಪಂದ್ಯಾವಳಿಯಲ್ಲಿ ಮೂರನೇ ಸ್ಥಾನ ಗೆದ್ದರು.

ಮೊದಲ ಸ್ಥಾನ ಬರಲಿಲ್ಲ. ಹಾಗಂತ ಹೋದದ್ದು ದಂಡವೇ? ಅಲ್ಲ. ಆಟದಿಂದ ಧೈರ್ಯ ಬರುತ್ತದೆ. ಕೂಡಿ ದುಡಿಯುವುದು, ಸೋಲು ತಾಳುವುದು ಗೊತ್ತಾಗುತ್ತದೆ. ಪೈಪೋಟಿ ಉಪ್ಪಿನ ಹಾಗೆ. ಹದವಾಗಿದ್ದರೆ ರುಚಿ. ಹೆಚ್ಚಾದರೆ ಬಾಯಿಗೆ ಇಡೋಕಾಗಲ್ಲ. ಸೋತ ಮಕ್ಕಳನ್ನು ಬೈದರೆ ಅವರು ಆಟವನ್ನೇ ಬಿಟ್ಟಾರು.

ನಮ್ಮ ಹೆಣ್ಣುಮಕ್ಕಳನ್ನೂ ಆಡಲು ಬಿಡೋಣ. ಮಗು ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಮಾಡಿಸೋಣ.

ಚರ್ಚಿಸಿ: ನಮ್ಮೂರಲ್ಲಿ ಹುಡುಗರು ಎಲ್ಲಿ ಆಡುತ್ತಾರೆ? ಹುಡುಗಿಯರು ಎಲ್ಲಿ ಆಡುತ್ತಾರೆ?