ಗಾಣದ ಎಣ್ಣೆ ಅಶುದ್ಧವೇ? ಸೂರ್ಯಕಾಂತಿ ಎಣ್ಣೆಯ ಪಾಠ: ಬೋಧನೆ ಮತ್ತು ಪುನರ್ಬೋಧನೆ

ತರಗತಿ: 9
ವಿಷಯ: ವಿಜ್ಞಾನ
ಪಾಠಾಂಶ: ಮಿಶ್ರಣಗಳನ್ನು ಬೇರ್ಪಡಿಸುವುದು – ಸೂರ್ಯಕಾಂತಿ ಎಣ್ಣೆಯ ತಯಾರಿಕೆ ಮತ್ತು ಉಪಯೋಗಗಳು
ಅವಧಿ: 40 ನಿಮಿಷಗಳ ಎರಡು ಅವಧಿಗಳು

ಪ್ರಶಿಕ್ಷಣಾರ್ಥಿಯ ಪಾಠಯೋಜನೆಯಲ್ಲಿ ದೋಷ ಹುಡುಕುವುದು ಕಷ್ಟವಾಗಿತ್ತು. ಪೀಠಿಕೆ ಪ್ರಶ್ನೆಗಳು, ನಿರ್ದಿಷ್ಟ ಉದ್ದೇಶಗಳು, ಬೋಧನೋಪಕರಣಗಳು, ಮೌಲ್ಯಮಾಪನ ಎಲ್ಲವೂ ತಮ್ಮ ತಮ್ಮ ಕಾಲಂನಲ್ಲಿದ್ದವು. ಗದಗ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆ, ಸುತ್ತಲೂ ಎರೆಭೂಮಿ. ಸೂರ್ಯಕಾಂತಿಗೆ ಇಲ್ಲಿಯ ಮಕ್ಕಳು ಸೂರ್ಯಪಾನ ಎನ್ನುತ್ತಾರೆ. ಆದ್ದರಿಂದ ಪಾಠದ ಆಯ್ಕೆಯೂ ಸರಿಯಾಗಿಯೇ ಇತ್ತು.

ಪಾಠ ಶುರುವಾಗಿ ಅರ್ಧ ಗಂಟೆ ಆಗುತ್ತಿದ್ದಂತೆ ಅವರು ಕಪ್ಪುಹಲಗೆಯ ಮೇಲೆ ಹೀಗೆ ಬರೆದರು: ‘ಕಚ್ಚಾ ಎಣ್ಣೆಯಲ್ಲಿ ಕಲ್ಮಶಗಳಿರುತ್ತವೆ. ಅವನ್ನು ತೆಗೆದಾಗ ಶುದ್ಧ ಎಣ್ಣೆ ದೊರೆಯುತ್ತದೆ.’ ಮೂರನೇ ಸಾಲಿನ ಒಬ್ಬ ಹುಡುಗ ಎದ್ದು ನಿಂತ.

“ಸರ, ಹಂಗಾದ್ರ ನಮ್ಮ ಗಾಣದ ಎಣ್ಣಿ ಹೊಲಸೇನ್ರಿ?”

ತರಗತಿ ನಕ್ಕಿತು. “ಹಾಗಲ್ಲಪ್ಪ, ಕೂತ್ಕೋ, ಮುಂದೆ ಹೇಳ್ತೀನಿ” ಎಂದರು ಪ್ರಶಿಕ್ಷಣಾರ್ಥಿ. ಮುಂದೆ ಹೇಳುವಷ್ಟರಲ್ಲಿ ಗಂಟೆ ಹೊಡೆಯಿತು. ಆ ಹುಡುಗನ ತಂದೆ ಊರಿನಲ್ಲಿ ಕರೆಂಟಿನ ಗಾಣ ನಡೆಸುತ್ತಾರೆ, ರೈತರು ಕಾಳು ತಂದು ಎಣ್ಣೆ ಮತ್ತು ಹಿಂಡಿ ಒಯ್ಯುತ್ತಾರೆ ಎಂಬುದು ನಮಗೆ ಗೊತ್ತಾದದ್ದು ಶಿಕ್ಷಕರ ಕೊಠಡಿಯಲ್ಲಿ. ವೀಕ್ಷಣಾ ಪುಸ್ತಕ ತೆರೆದು ನೋಡಿದೆ. ಅದೇ ವಾಕ್ಯದ ಎದುರಿಗೆ ‘ಕಪ್ಪುಹಲಗೆಯ ಬರವಣಿಗೆ ಸ್ಪಷ್ಟವಾಗಿದೆ’ ಎಂದು ನಾನೇ ಬರೆದಿದ್ದೆ. ತಪ್ಪು ಅವರೊಬ್ಬರದ್ದಾಗಿರಲಿಲ್ಲ.

ಮೂರು ದಿನ ಬಿಟ್ಟು ಅದೇ ತರಗತಿಯಲ್ಲಿ ಪುನರ್ಬೋಧನೆ ಇಟ್ಟುಕೊಂಡೆವು. ಅದಕ್ಕಾಗಿ ನಾವಿಬ್ಬರೂ ಕೂತು ಹೊಂದಿಸಿದ ವಿಷಯ ಮತ್ತು ತರಗತಿಯಲ್ಲಿ ನಡೆದದ್ದನ್ನು ಇಲ್ಲಿ ಕೊಟ್ಟಿದ್ದೇನೆ.

ಎಣ್ಣೆ ಎಲ್ಲಿದೆ?

ನಾವು ಬೀಜ ಎನ್ನುವುದು ಸಸ್ಯಶಾಸ್ತ್ರದ ಪ್ರಕಾರ ಸೂರ್ಯಕಾಂತಿಯ ಹಣ್ಣು. ಹೊರಗೆ ಗಟ್ಟಿ ಸಿಪ್ಪೆ, ಒಳಗೆ ತಿರುಳು. ಇಂದಿನ ಸಂಕರಣ ತಳಿಗಳಲ್ಲಿ ಕಾಳಿನ ತೂಕದ ಸುಮಾರು ಶೇ. 38ರಿಂದ 45ರಷ್ಟು ಎಣ್ಣೆ ಇರುತ್ತದೆ. ಹೆಚ್ಚುಕಡಿಮೆ ಅಷ್ಟೂ ತಿರುಳಿನಲ್ಲಿಯೇ. ಇದನ್ನು ಹೇಳುವ ಬದಲು ತೋರಿಸಬಹುದು. ಸಿಪ್ಪೆ ಮತ್ತು ತಿರುಳನ್ನು ಬೇರೆ ಮಾಡಿ, ಎರಡನ್ನೂ ಬೇರೆ ಬೇರೆ ಬಿಳಿ ಕಾಗದದ ಮೇಲಿಟ್ಟು ಉಜ್ಜಿಸಿ. ಪಕ್ಕದಲ್ಲಿ ಒಂದು ಹನಿ ನೀರು ಹಾಕಿ. ಹತ್ತು ನಿಮಿಷದಲ್ಲಿ ನೀರಿನ ಗುರುತು ಆರುತ್ತದೆ. ತಿರುಳಿನ ಗುರುತು ಉಳಿಯುತ್ತದೆ, ಬೆಳಕಿಗೆ ಹಿಡಿದರೆ ಅದರ ಮೂಲಕ ಬೆಳಕು ಹಾಯುತ್ತದೆ. ಸಿಪ್ಪೆಯ ಕಾಗದದಲ್ಲಿ ಹೇಳಿಕೊಳ್ಳುವಂಥ ಗುರುತು ಇರುವುದಿಲ್ಲ.

‘ಇದು ನಮ್ಮ ಬೆಳೆಯೇ?’ ಎಂದು ಒಬ್ಬ ಹುಡುಗಿ ಕೇಳಿದಳು. ಪಾಠಯೋಜನೆಯಲ್ಲಿ ಇಲ್ಲದ ಪ್ರಶ್ನೆಯಾದರೂ ಉತ್ತರ ಚಿಕ್ಕದು. ಸೂರ್ಯಕಾಂತಿಯ ತವರು ಉತ್ತರ ಅಮೆರಿಕ. ಅದನ್ನು ಎಣ್ಣೆಯ ಬೆಳೆಯಾಗಿ ಬೆಳೆಸಿದವರು ರಷ್ಯನ್ನರು, ಕ್ರಾಸ್ನೊದಾರ್‌ನಲ್ಲಿ ವಿ. ಎಸ್. ಪುಸ್ತೊವೊಯ್ತ್ ದಶಕಗಳ ಕಾಲ ಆಯ್ಕೆ ಮಾಡುತ್ತ ಕಾಳಿನ ಎಣ್ಣೆಯ ಅಂಶವನ್ನು ಬಹಳ ಮೇಲಕ್ಕೆ ತಂದರು. ಆ ರಷ್ಯನ್ ತಳಿಗಳು 1969ರಲ್ಲಿ ಭಾರತಕ್ಕೆ ಬಂದವು. ನಮ್ಮ ದೇಶದ ಮೊದಲ ಸಂಕರಣ ತಳಿ ಬಿಎಸ್‌ಎಚ್-1, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ್ದು, 1980ರಲ್ಲಿ ಬಿಡುಗಡೆಯಾಯಿತು. ಅಂದರೆ ಮಕ್ಕಳ ಅಜ್ಜಂದಿರ ಪ್ರಾಯದ ಕಾಲಕ್ಕೆ ಇದು ಹೊಸ ಬೆಳೆ. ಇಂದೂ ದೇಶದಲ್ಲಿ ಹೆಚ್ಚು ಸೂರ್ಯಕಾಂತಿ ಬೆಳೆಯುವ ರಾಜ್ಯ ಕರ್ನಾಟಕವೇ.

ಹಿಂಡುವುದು ಮತ್ತು ಕರಗಿಸುವುದು

ಕಾಳನ್ನು ಸೋಸಿ, ಕಸ ಕಲ್ಲು ತೆಗೆದು, ದೊಡ್ಡ ಗಿರಣಿಗಳಲ್ಲಿ ಸಿಪ್ಪೆಯ ಬಹುಭಾಗವನ್ನೂ ತೆಗೆದು, ಒಡೆದು, ಹಬೆಯಲ್ಲಿ ಬೇಯಿಸಿ ಎಕ್ಸ್‌ಪೆಲ್ಲರಿಗೆ ಕೊಡುತ್ತಾರೆ. ಬಿಸಿಯಿಂದ ಜೀವಕೋಶಗಳ ಗೋಡೆ ಸಡಿಲವಾಗುತ್ತದೆ, ಎಣ್ಣೆ ತೆಳುವಾಗುತ್ತದೆ, ಆದ್ದರಿಂದ ಸುಲಭವಾಗಿ ಹರಿಯುತ್ತದೆ. ಎಷ್ಟು ಒತ್ತಿದರೂ ಹಿಂಡಿಯಲ್ಲಿ ಸ್ವಲ್ಪ ಎಣ್ಣೆ ಉಳಿದೇ ಉಳಿಯುತ್ತದೆ. ಅದನ್ನೂ ಪಡೆಯಬೇಕಾದರೆ ದಾರಿ ಬೇರೆ: ಹೆಕ್ಸೇನ್ ಎಂಬ ದ್ರಾವಕವನ್ನು ಹಿಂಡಿಯ ಮೂಲಕ ಹಾಯಿಸುತ್ತಾರೆ. ಎಣ್ಣೆ ಅದರಲ್ಲಿ ಕರಗಿ ಬರುತ್ತದೆ. ಹೆಕ್ಸೇನ್ ಸುಮಾರು 69 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಎಣ್ಣೆ ಆ ಶಾಖಕ್ಕೆ ಆವಿಯಾಗುವುದೇ ಇಲ್ಲ. ಆದ್ದರಿಂದ ಬಿಸಿ ಮಾಡಿ ಹೆಕ್ಸೇನನ್ನು ಬೇರ್ಪಡಿಸಿ, ತಣ್ಣಗಾಗಿಸಿ, ಮತ್ತೆ ಅದನ್ನೇ ಬಳಸುತ್ತಾರೆ. 9ನೇ ತರಗತಿಯಲ್ಲಿ ಕಲಿಸುವ ಆಸವನಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ.

ಇಲ್ಲೊಂದು ಎಚ್ಚರಿಕೆ. “ಹೆಕ್ಸೇನ್ ಸಿಗದಿದ್ದರೆ ಪೆಟ್ರೋಲ್‌ನಲ್ಲಿ ಪುಡಿ ನೆನೆಸಿ ತೋರಿಸಲೇ ಸರ್?” ಎಂದು ಪ್ರಶಿಕ್ಷಣಾರ್ಥಿ ಕೇಳಿದರು. ಉತ್ಸಾಹ ಮೆಚ್ಚುವಂಥದ್ದು, ಆದರೆ ಬೇಡವೇ ಬೇಡ. ಇವುಗಳ ಆವಿಗೆ ಬೆಂಕಿ ಹತ್ತುವುದು ಬಹಳ ಸುಲಭ. ಗ್ಯಾರೇಜಿನವರು ಕೈಗೆ ಅಂಟಿದ ಗ್ರೀಸನ್ನು ನೀರಿನಿಂದ ತೊಳೆಯದೆ ಸೀಮೆಎಣ್ಣೆಯಿಂದ ಏಕೆ ಒರೆಸಿಕೊಳ್ಳುತ್ತಾರೆ ಎಂದು ಕೇಳಿದರೆ ಸಾಕು. ಜಿಡ್ಡು ನೀರಿನಲ್ಲಿ ಕರಗುವುದಿಲ್ಲ, ಅಂಥ ದ್ರವದಲ್ಲಿ ಕರಗುತ್ತದೆ ಎಂಬುದನ್ನು ಮಕ್ಕಳೇ ಹೇಳುತ್ತಾರೆ.

ಪುನರ್ಬೋಧನೆಯಲ್ಲಿ ಹೆಚ್ಚು ಸಮಯ ತೆಗೆದುಕೊಂಡದ್ದು ಒಂದು ಲೆಕ್ಕ, ಅದಕ್ಕೆ ನನಗೆ ಬೇಸರವಿಲ್ಲ. 100 ಕೆ.ಜಿ. ಕಾಳು, ಅದರಲ್ಲಿ 40 ಕೆ.ಜಿ. ಎಣ್ಣೆ. ಉಳಿದ 60 ಕೆ.ಜಿ. ಎಣ್ಣೆಯಲ್ಲದ ವಸ್ತು, ಅದು ಎಲ್ಲಿಗೂ ಹೋಗದೆ ಹಿಂಡಿಯಲ್ಲಿ ಉಳಿಯುತ್ತದೆ ಎಂದು ಭಾವಿಸಿ. ಗಾಣದ ಹಿಂಡಿಯಲ್ಲಿ ಶೇ. 12ರಷ್ಟು ಎಣ್ಣೆ ಉಳಿದಿದೆ ಎಂದಿಟ್ಟುಕೊಂಡರೆ, ಆ 60 ಕೆ.ಜಿ. ಎನ್ನುವುದು ಹಿಂಡಿಯ ಶೇ. 88 ಭಾಗ. ಹಿಂಡಿ ಸುಮಾರು 68 ಕೆ.ಜಿ., ಎಣ್ಣೆ ಸುಮಾರು 32. ಎಕ್ಸ್‌ಪೆಲ್ಲರಿನ ಹಿಂಡಿಯಲ್ಲಿ ಶೇ. 8 ಉಳಿದರೆ ಎಣ್ಣೆ ಸುಮಾರು 35. ದ್ರಾವಕ ಬಳಸಿ ಶೇ. 1ಕ್ಕೆ ಇಳಿಸಿದರೆ ಸುಮಾರು 39. ಮೊದಲಿಗೆ ಬಹಳಷ್ಟು ಮಕ್ಕಳು 100ರ ಶೇ. 12 ಎಂದು ಲೆಕ್ಕ ಹಾಕಿ ಎಡವಿದರು. ಯಾವುದರ ಶೇಕಡಾ ಎಂಬುದನ್ನು ಹಿಂಡಿಯ ಒಂದು ತುಂಡು ಕೈಯಲ್ಲಿ ಹಿಡಿದು ಕೇಳಿದಾಗ ತಿದ್ದಿಕೊಂಡರು. ಆ ತುಂಡು ತಂದದ್ದು ಗಾಣದ ಮನೆಯ ಹುಡುಗನೇ. “ಅದಕ್ಕ ಸರ, ನಮ್ಮ ಹಿಂಡಿ ಎಮ್ಮಿ ಚೊಲೊ ತಿಂತಾವು” ಎಂದ. ಉಳಿದ ಎಣ್ಣೆ ದನದ ಮೇವಿಗೆ ಸೇರುತ್ತದೆ, ವ್ಯರ್ಥವಾಗುವುದಿಲ್ಲ ಎಂಬ ಅಂಶ ನಮ್ಮ ಟಿಪ್ಪಣಿಯಲ್ಲಿ ಇರಲಿಲ್ಲ.

ರಿಫೈನ್ ಮಾಡುವಾಗ ಏನು ಹೋಗುತ್ತದೆ?

‘ಕಲ್ಮಶ ತೆಗೆಯುತ್ತಾರೆ’ ಎಂಬ ಒಂದು ಪದದಲ್ಲಿ ಐದು ಬೇರೆ ಬೇರೆ ಕೆಲಸಗಳು ಅಡಗಿವೆ. ಮೊದಲ ಸಲ ಪಾಠ ಎಡವಿದ್ದು ಇಲ್ಲಿಯೇ. ಪ್ರತಿಯೊಂದನ್ನೂ ಬಿಡಿಸಿ, ತೆಗೆದದ್ದರ ಹೆಸರು ಹೇಳಬೇಕು.

ಬಿಸಿನೀರು ಬೆರೆಸಿದಾಗ ಫಾಸ್ಫೊಲಿಪಿಡ್ ಎಂಬ ಅಂಟು ಪದಾರ್ಥಗಳು ನೀರು ಹೀರಿ ಉಬ್ಬಿ ತಳಕ್ಕಿಳಿಯುತ್ತವೆ. ಗಾಣದ ಎಣ್ಣೆಯ ಡಬ್ಬಿಯ ತಳದಲ್ಲಿ ಕೂರುವ ಮಡ್ಡಿಯಲ್ಲಿ ಕಾಳಿನ ಸಣ್ಣ ಪುಡಿಯ ಜೊತೆ ಇವೂ ಇರುತ್ತವೆ. ಅನಂತರ ಕಾಸ್ಟಿಕ್ ಸೋಡಾ ದ್ರಾವಣ ಸೇರಿಸುತ್ತಾರೆ. ಎಣ್ಣೆಯಲ್ಲಿ ಬಿಡಿಯಾಗಿರುವ ಕೊಬ್ಬಿನಾಮ್ಲಗಳು ಅದರೊಡನೆ ವರ್ತಿಸಿ ಸಾಬೂನಾಗುತ್ತವೆ. ಆ ಸಾಬೂನನ್ನು ಬೇರ್ಪಡಿಸಿ ಸಾಬೂನು ಕಾರ್ಖಾನೆಗೆ ಕಳಿಸಬಹುದು. ಮೂರನೆಯದಾಗಿ, ವಿಶೇಷ ಬಗೆಯ ಜೇಡಿಮಣ್ಣಿನ ಪುಡಿ ಬೆರೆಸಿದಾಗ ಬಣ್ಣದ ಕಣಗಳು ಅದರ ಮೇಲ್ಮೈಗೆ ಅಂಟಿಕೊಳ್ಳುತ್ತವೆ, ಸೋಸಿದರೆ ತಿಳಿಬಣ್ಣದ ಎಣ್ಣೆ.

ನಾಲ್ಕನೆಯದು ಸೂರ್ಯಕಾಂತಿಗೆ ಮುಖ್ಯವಾದದ್ದು. ಸಿಪ್ಪೆಯಲ್ಲಿ ಮೇಣವಿದೆ, ಹಿಂಡುವಾಗ ಅದು ಎಣ್ಣೆಗೆ ಬರುತ್ತದೆ. ಎಣ್ಣೆಯನ್ನು ನಿಧಾನವಾಗಿ ತಂಪು ಮಾಡಿದರೆ ಮೇಣ ಹರಳುಗಟ್ಟುತ್ತದೆ, ಅದನ್ನು ಸೋಸುತ್ತಾರೆ. ಇದನ್ನು ತರಗತಿಯಲ್ಲಿ ತೋರಿಸಿದೆವು: ಒಂದು ಶೀಶೆಯಲ್ಲಿ ಗಾಣದ ಎಣ್ಣೆ, ಇನ್ನೊಂದರಲ್ಲಿ ಪ್ಯಾಕೆಟ್ ಎಣ್ಣೆ, ಎರಡೂ ಒಂದು ರಾತ್ರಿ ಮುಖ್ಯೋಪಾಧ್ಯಾಯರ ಮನೆಯ ಫ್ರಿಜ್‌ನಲ್ಲಿ. ಬೆಳಿಗ್ಗೆ ಗಾಣದ್ದು ಮಬ್ಬಾಗಿತ್ತು, ಪ್ಯಾಕೆಟ್ಟಿನದು ತಿಳಿಯಾಗಿಯೇ ಇತ್ತು. ಮಬ್ಬಾದ ಶೀಶೆಯನ್ನು ಬಿಸಿಲಿಗೆ ಇಟ್ಟು, ಮತ್ತೆ ತಿಳಿಯಾಗುವುದನ್ನೂ ಮಕ್ಕಳಿಗೆ ತೋರಿಸಿ. ಇಲ್ಲವಾದರೆ ಎಣ್ಣೆ ಕೆಟ್ಟಿತು ಎಂದೇ ತಿಳಿಯುತ್ತಾರೆ.

ಕೊನೆಗೆ ನಿರ್ವಾತದಲ್ಲಿ, 200 ಡಿಗ್ರಿಗೂ ಮೇಲಿನ ಶಾಖದಲ್ಲಿ ಎಣ್ಣೆಯ ಮೂಲಕ ಹಬೆ ಹಾಯಿಸಿ ವಾಸನೆ ತೆಗೆಯುತ್ತಾರೆ. ವಾಸನೆಯ ಜೊತೆಗೆ ವಿಟಮಿನ್ ಇ ಕೂಡ ಒಂದಷ್ಟು ಹೋಗುತ್ತದೆ. ಈ ಹಂತವನ್ನು ಚಿತ್ರದಲ್ಲಷ್ಟೇ ತೋರಿಸಿ. ತರಗತಿಯಲ್ಲಿ ಎಣ್ಣೆ ಕಾಯಿಸುವ ಸಾಹಸ ಬೇಡ.

ಹಾಗಾದರೆ ಶುದ್ಧ ಯಾವುದು?

ಈಗ ಹುಡುಗನ ಪ್ರಶ್ನೆಗೆ ಬರಬಹುದು. ಪ್ರಶಿಕ್ಷಣಾರ್ಥಿ ಹೊಸದಾಗಿ ಏನನ್ನೂ ಹೇಳಲಿಲ್ಲ. ಹಿಂದಿನ ವಾರ ತಾವೇ ಕಲಿಸಿದ ವ್ಯಾಖ್ಯೆಯನ್ನು ಮಕ್ಕಳಿಂದಲೇ ಹೇಳಿಸಿದರು: ಒಂದೇ ಬಗೆಯ ಕಣಗಳಿಂದಾದದ್ದು ಶುದ್ಧ ಪದಾರ್ಥ. ನಂತರ ಪ್ಯಾಕೆಟ್ ಎತ್ತಿ ಹಿಡಿದು, “ಇದರಲ್ಲಿ ಒಂದೇ ಬಗೆಯ ಕಣಗಳಿವೆಯೇ?” ಎಂದು ಕೇಳಿದರು. ಪ್ಯಾಕೆಟ್ಟಿನ ಹಿಂಬದಿಯಲ್ಲಿ ಪರ್ಯಾಪ್ತ, ಏಕ ಅಪರ್ಯಾಪ್ತ, ಬಹು ಅಪರ್ಯಾಪ್ತ ಎಂದು ಮೂರು ಬಗೆಯ ಕೊಬ್ಬಿನಾಮ್ಲಗಳ ಪ್ರಮಾಣ ಅಚ್ಚಾಗಿತ್ತು. ರಸಾಯನಶಾಸ್ತ್ರದ ಮಾತಿನಲ್ಲಿ ಗಾಣದ ಎಣ್ಣೆಯೂ ಮಿಶ್ರಣ, ಪ್ಯಾಕೆಟ್ ಎಣ್ಣೆಯೂ ಮಿಶ್ರಣ. ಒಂದರಲ್ಲಿ ಘಟಕಗಳು ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಅಂಗಡಿಯವರು ‘ಶುದ್ಧ’ ಎನ್ನುವಾಗ ಹೇಳುತ್ತಿರುವುದು ಬೇರೆ ಮಾತು: ಕಲಬೆರಕೆ ಇಲ್ಲ ಎಂದು. ಆ ಅರ್ಥದಲ್ಲಿ ಕಣ್ಣೆದುರಿಗೆ ಹಿಂಡಿಸಿಕೊಂಡ ಗಾಣದ ಎಣ್ಣೆಯೂ ಶುದ್ಧವೇ.

ಆದರೆ ಹುಡುಗನನ್ನು ಸಮಾಧಾನಪಡಿಸಲು ಗಾಣದ ಎಣ್ಣೆಯನ್ನು ಅಮೃತವೆಂದು ಹೊಗಳುವುದೂ ಸರಿಯಲ್ಲ. ಆ ಕಡೆಗೆ ಜಾರುವ ಪಾಠಗಳನ್ನೂ ನಾನು ನೋಡಿದ್ದೇನೆ. ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲ ಹೆಚ್ಚು. ಅದರ ದ್ವಿಬಂಧಗಳು ಗಾಳಿಯ ಆಕ್ಸಿಜನ್ನಿನೊಡನೆ ಬೇಗ ವರ್ತಿಸುತ್ತವೆ, ಎಣ್ಣೆ ಕಮಟಾಗುತ್ತದೆ. ತೇವ ತಗುಲಿ ಬೂಷ್ಟು ಹಿಡಿದ ಕಾಳನ್ನು ಹಿಂಡಿದರೆ ಎಣ್ಣೆ ಮೊದಲೇ ಹುಳಿಯಾಗಿರುತ್ತದೆ, ಬೂಷ್ಟಿನ ವಿಷವೂ ಸೇರಬಹುದು. ಗಾಣದ ಎಣ್ಣೆಯನ್ನು ಬೆಳಕು ಬೀಳದ ಕಡೆ ಮುಚ್ಚಿಟ್ಟು ಬೇಗ ಬಳಸಬೇಕು. ಅದು ಬೇಗ ಹೊಗೆಯಾಡುತ್ತದೆ, ಆದ್ದರಿಂದ ಒಗ್ಗರಣೆಗೆ ಸರಿ, ಬಜಿ ಕರಿಯುವುದಕ್ಕೆ ಅಷ್ಟು ಒಳ್ಳೆಯದಲ್ಲ. ರಿಫೈನ್ಡ್ ಎಣ್ಣೆ ಸುಮಾರು 230 ಡಿಗ್ರಿಯವರೆಗೆ ತಡೆಯುತ್ತದೆ. ಹಾಗೆಂದು ಅದನ್ನೇ ಮತ್ತೆ ಮತ್ತೆ ಕಾಯಿಸುವಂತಿಲ್ಲ: ಕರಿದ ಎಣ್ಣೆಯಲ್ಲಿ ಕೆಟ್ಟ ಸಂಯುಕ್ತಗಳು ಶೇ. 25 ದಾಟಿದರೆ ಬಳಸಕೂಡದೆಂಬ ನಿಯಮ 2018ರಿಂದ ಜಾರಿಯಲ್ಲಿದೆ.

ಕಪ್ಪುಹಲಗೆಯ ಮೇಲೆ ಯಾವ ಪದ ಬರೆಯಬೇಕು ಎಂಬುದನ್ನು ನಾವು ಚರ್ಚಿಸಿದೆವು. ‘ಶುದ್ಧೀಕರಿಸಿದ’ ಎಂದರೆ ಮತ್ತೆ ಅದೇ ತೊಡಕು. ‘ಸಂಸ್ಕರಿಸಿದ’ ಎಂದರೆ ಗಾಣದ ಎಣ್ಣೆಗೆ ಸಂಸ್ಕಾರವಿಲ್ಲ ಎಂದಂತಾಗುತ್ತದೆ ಎಂದು ಪ್ರಶಿಕ್ಷಣಾರ್ಥಿ ನಕ್ಕರು. ಕೊನೆಗೆ ‘ರಿಫೈನ್ಡ್’ ಎಂದೇ ಬರೆದೆವು. ಅಂಗಡಿಯಲ್ಲೂ ಮನೆಯಲ್ಲೂ ಎಲ್ಲರ ಬಾಯಲ್ಲಿರುವ ಪದ ಅದು. ಪಠ್ಯದ ಪದವನ್ನು ಆವರಣದಲ್ಲಿ ಕೊಟ್ಟರೆ ಪರೀಕ್ಷೆಗೂ ತೊಂದರೆಯಿಲ್ಲ.

ಉಪಯೋಗಗಳು

ಮೊದಲ ಪಾಠದಲ್ಲಿ ಉಪಯೋಗಗಳ ಪಟ್ಟಿಯನ್ನು ಮಕ್ಕಳು ಬರೆದುಕೊಂಡಿದ್ದರು, ಮರೆತೂ ಇದ್ದರು. ಈ ಸಲ ಪ್ರತಿ ಉಪಯೋಗಕ್ಕೂ ‘ಯಾವ ಗುಣದಿಂದ?’ ಎಂಬ ಪ್ರಶ್ನೆ ಸೇರಿಸಿದೆವು. ಕ್ಷಾರದೊಡನೆ ವರ್ತಿಸುವುದರಿಂದ ಸಾಬೂನು. ಗಾಳಿಗೆ ನಿಧಾನವಾಗಿ ಗಟ್ಟಿಯಾಗುವ ಗುಣದಿಂದ ಕೆಲವು ಬಗೆಯ ಬಣ್ಣಗಳಲ್ಲಿ ಬಳಕೆ. ನಿಕ್ಕೆಲ್ ವೇಗವರ್ಧಕದೊಡನೆ ಹೈಡ್ರೋಜನ್ ಸೇರಿಸಿದರೆ ಗಟ್ಟಿ ಕೊಬ್ಬು. ಈ ಕೊನೆಯದರಲ್ಲಿ ಹುಟ್ಟುವ ಟ್ರಾನ್ಸ್ ಕೊಬ್ಬಿಗೆ 2022ರಿಂದ ನಮ್ಮ ದೇಶದಲ್ಲಿ ಶೇ. 2ರ ಮಿತಿ ಇದೆ. ಹಿಂಡಿ ದನಕ್ಕೆ, ಕೋಳಿಗೆ. ಸಿಪ್ಪೆ ಗಿರಣಿಯ ಬಾಯ್ಲರಿಗೆ ಉರುವಲು. ‘ಕೊಲೆಸ್ಟ್ರಾಲ್ ಇಲ್ಲ’ ಎಂಬ ಜಾಹೀರಾತಿನ ಬಗ್ಗೆ ಒಬ್ಬಳು ಕೇಳಿದಳು. ಸಸ್ಯಜನ್ಯ ಎಣ್ಣೆಗಳಲ್ಲಿ ಯಾವುದರಲ್ಲೂ ಅದು ಇಲ್ಲವೆನ್ನುವಷ್ಟು ಕಡಿಮೆ. ಗಾಣದ ಎಣ್ಣೆಗೂ ಆ ಮಾತು ಅನ್ವಯಿಸುತ್ತದೆ.

ಇಷ್ಟು ಬೆಲೆಯಿರುವಾಗ ಊರಲ್ಲಿ ಸೂರ್ಯಪಾನ ಬಿತ್ತುವುದು ಏಕೆ ಕಡಿಮೆಯಾಯಿತು ಎಂಬ ಪ್ರಶ್ನೆಯೂ ಬಂತು. 1990ರ ದಶಕದಲ್ಲಿ ದೇಶದಲ್ಲಿ 20 ಲಕ್ಷ ಹೆಕ್ಟೇರಿಗೂ ಹೆಚ್ಚಿದ್ದ ಬೆಳೆ ಈಗ ಕೆಲವೇ ಲಕ್ಷಕ್ಕೆ ಇಳಿದಿದೆ. 1997ರಲ್ಲಿ ಕರ್ನಾಟಕದಲ್ಲಿ ಮೊದಲು ಕಾಣಿಸಿಕೊಂಡ ನೆಕ್ರೋಸಿಸ್ ನಂಜುರೋಗ, ಗಿಳಿಗಳ ಕಾಟ, ಜೇನುನೊಣ ಸಾಲದೆ ಕಾಳು ಜೊಳ್ಳಾಗುವುದು, ಅಗ್ಗದ ಆಮದು ಎಲ್ಲವೂ ಕಾರಣಗಳು. ನಾವು ತಿನ್ನುವ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಹೊರಗಿನಿಂದ, ಹೆಚ್ಚಾಗಿ ಉಕ್ರೇನ್ ಮತ್ತು ರಷ್ಯಾಗಳಿಂದ ಬರುತ್ತದೆ. 2022ರಲ್ಲಿ ಅಲ್ಲಿ ಯುದ್ಧ ಶುರುವಾದಾಗ ಇಲ್ಲಿಯ ಅಂಗಡಿಯಲ್ಲಿ ಬೆಲೆ ಏರಿದ್ದು ಮಕ್ಕಳಿಗೂ ನೆನಪಿತ್ತು. ಇದನ್ನು ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿಗೆ ಒಪ್ಪಿಸಿದೆವು.

ಮೌಲ್ಯಮಾಪನ ಮತ್ತು ಕೆಲವು ಸೂಚನೆಗಳು

ಕೊನೆಯ ಪ್ರಶ್ನೆ ಒಂದೇ: ‘ಫ್ರಿಜ್‌ನಲ್ಲಿಟ್ಟ ಎರಡು ಶೀಶೆಗಳಲ್ಲಿ ಒಂದು ಮಬ್ಬಾಯಿತು. ಕಾರಣ ಕೊಡಿ. ಮಬ್ಬಾದದ್ದು ಕೆಟ್ಟ ಎಣ್ಣೆಯೇ?’ ಹೆಚ್ಚಿನವರು ಮೇಣವನ್ನು ಹೆಸರಿಸಿದರು. ಎರಡನೆಯ ಭಾಗಕ್ಕೆ ಕಾರಣ ಸಹಿತ ಉತ್ತರ ಬರೆದವರು ಅರ್ಧಕ್ಕಿಂತ ಕಡಿಮೆ. ಅಲ್ಲಿ ಇನ್ನೂ ಕೆಲಸವಿದೆ.

ಕರಾವಳಿ ಅಥವಾ ತುಮಕೂರಿನ ಕಡೆ ಈ ಪಾಠ ಮಾಡುವವರು ತಂಪಿನ ಪ್ರಯೋಗಕ್ಕೆ ಕೊಬ್ಬರಿ ಎಣ್ಣೆಯನ್ನು ಬಳಸಬೇಡಿ. ಅದು ಗಟ್ಟಿಯಾಗುವುದು ಮೇಣದಿಂದಲ್ಲ, ಪರ್ಯಾಪ್ತ ಕೊಬ್ಬಿನಿಂದ. ಮಕ್ಕಳು ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಕಾಗದದ ಪ್ರಯೋಗಕ್ಕೆ ಶೇಂಗಾ, ಎಳ್ಳು, ಹುಚ್ಚೆಳ್ಳು ಯಾವುದಾದರೂ ಆಗುತ್ತದೆ. ಹಿಂಡಿಯನ್ನು ಮಾತ್ರ ಊರಿನ ಗಾಣದಿಂದಲೇ ತರಿಸಿ. ಆದರೆ ತರುವುದಕ್ಕೆ ಮೊದಲು ತರಗತಿಯಲ್ಲಿ ಯಾರ ಮನೆಯಲ್ಲಿ ಗಾಣವಿದೆ ಎಂದು ವಿಚಾರಿಸಿಕೊಳ್ಳಿ.