ಗುಂಪಿನಲ್ಲಿ ಮಾತು, ಹಾಳೆಯಲ್ಲಿ ಲೆಕ್ಕ

ಪಳನಿಯ ಪಕ್ಕದಲ್ಲಿ ಆಯಕ್ಕುಡಿ. ಅಲ್ಲಿ ಸೀಬೆಹಣ್ಣಿನ ಸಂತೆ. ಇನ್ನೊಂದು ಕಡೆ ಒಡ್ಡನ್‌ಚತ್ರಂ. ಅಲ್ಲಿಯ ಮಾರುಕಟ್ಟೆಯಿಂದ ಕೇರಳಕ್ಕೆ ಲಾರಿಗಟ್ಟಲೆ ತರಕಾರಿ ಹೋಗುತ್ತದೆ. ದಿಂಡಿಗಲ್ ಹತ್ತಿರದ ಚಿನ್ನಾಳಪಟ್ಟಿಯಲ್ಲಿ ಸೀರೆ ನೇಯುತ್ತಾರೆ. ಬೋಡಿನಾಯಕನೂರಿನಲ್ಲಿ ಏಲಕ್ಕಿ ವ್ಯಾಪಾರ. ಕಸುಬು ಬೇರೆ ಬೇರೆ. ಆದರೆ ಯಾವ ಕಸುಬಿನವರಿಗಾದರೂ ಮೂರು ಕೆಲಸ ಇದ್ದೇ ಇರುತ್ತದೆ. ಹೊಸಬರ ಪರಿಚಯ ಆಗಬೇಕು. ಪರಿಚಯ ಇರುವವರ ಜೊತೆ ಮಾತಾಡಬೇಕು. ನಾಲ್ಕು ಜನ ಸೇರಿ ಒಂದು ಕೆಲಸ ಮುಗಿಸಬೇಕು.

ಮೊದಲು ಈ ಮೂರೂ ಸಂತೆಯಲ್ಲಿ, ಟೀ ಅಂಗಡಿಯಲ್ಲಿ, ಮನೆ ಜಗಲಿಯಲ್ಲಿ ನಡೀತಿತ್ತು. ಈಗಲೂ ನಡೆಯುತ್ತದೆ. ಜೊತೆಗೆ ಫೋನಿನಲ್ಲೂ ನಡೆಯುತ್ತದೆ. ಫೋನಿನಲ್ಲಿ ಎಲ್ಲದಕ್ಕೂ ಒಂದೇ ಜಾಗ ಅಂತ ತಿಳಿದುಕೊಂಡವರು ಬಹಳ ಜನ. ಹಾಗಲ್ಲ. ಪರಿಚಯದ ಜಾಗ ಬೇರೆ, ಮಾತಿನ ಜಾಗ ಬೇರೆ, ಲೆಕ್ಕ ಇಡೋ ಜಾಗ ಬೇರೆ. ಒಂದರ ಕೆಲಸವನ್ನು ಇನ್ನೊಂದರಲ್ಲಿ ಮಾಡಲು ಹೋದರೆ ಏನಾಗುತ್ತದೆ? ಈ ಪಾಠದಲ್ಲಿ ನೋಡೋಣ.

ಪರಿಚಯ ಮಾಡಿಕೊಳ್ಳೋ ಜಾಗ

ಕೆಲಸದವರು ಒಬ್ಬರಿಗೊಬ್ಬರು ಪರಿಚಯ ಆಗಲಿ ಅಂತಲೇ 2003ರಲ್ಲಿ ಶುರುವಾದ ತಾಣ ಲಿಂಕ್ಡ್‌ಇನ್. 2016ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಅದನ್ನು ಕೊಂಡುಕೊಂಡಿತು. ಅದರಲ್ಲಿ ನಿಮ್ಮ ಹೆಸರು, ಓದು, ಎಲ್ಲೆಲ್ಲಿ ಎಷ್ಟು ವರ್ಷ ಕೆಲಸ ಮಾಡಿದಿರಿ ಅನ್ನೋದನ್ನು ಬರೆದಿಡಬಹುದು. ಕೆಲಸ ಕೊಡೋರು ಅದನ್ನು ನೋಡುತ್ತಾರೆ. ನರ್ಸಿಂಗ್ ಓದಿದ ಮಗಳು, ಕೊಯಮತ್ತೂರಿನಲ್ಲೋ ಬೆಂಗಳೂರಿನಲ್ಲೋ ಕೆಲಸ ಹುಡುಕುವ ಎಂಜಿನಿಯರ್ ಮಗ, ಇವರಿಗೆ ಅದು ಉಪಯೋಗ. ಬಟ್ಟೆಯನ್ನು ಹೊರದೇಶಕ್ಕೆ ಕಳಿಸೋ ವ್ಯಾಪಾರಿಗೂ ಉಪಯೋಗ. ದಿನಾ ಸೀಬೆ ಬುಟ್ಟಿ ಹೊರುವ ಅಣ್ಣನಿಗೆ ಅದರಿಂದ ಹೆಚ್ಚು ಲಾಭ ಇಲ್ಲ. ಇಲ್ಲ ಅಂತ ಹೇಳೋದೇ ಸರಿ.

ಫೇಸ್‌ಬುಕ್ ಬಂದದ್ದು 2004ರಲ್ಲಿ. ಅದು ಎಲ್ಲರೂ ಓಡಾಡುವ ಪೇಟೆ ಬೀದಿ ಇದ್ದ ಹಾಗೆ. ಸೀರೆಯ ಫೋಟೊ ಹಾಕಿದರೆ ಗೊತ್ತಿಲ್ಲದವರೂ ನೋಡುತ್ತಾರೆ, ಬೆಲೆ ಕೇಳುತ್ತಾರೆ. ಕೇಳಿದವರೆಲ್ಲ ಕೊಳ್ಳುವುದಿಲ್ಲ. ಅಂಗಡಿ ಮುಂದೆ ನಿಂತವರೂ ಎಲ್ಲರೂ ಕೊಳ್ಳುವುದಿಲ್ಲ ಅಲ್ಲವೆ?

ಇಲ್ಲಿ ಒಂದು ಎಚ್ಚರಿಕೆ. ಪರಿಚಯದ ತಾಣದಲ್ಲಿ ಸಿಕ್ಕ ಮನುಷ್ಯ "ಕೆಲಸ ಕೊಡಿಸ್ತೀನಿ, ಮೊದಲು ದುಡ್ಡು ಕಟ್ಟಿ" ಅಂದರೆ ಕಟ್ಟಬೇಡಿ. ಫೋನಿಗೆ ಬಂದ ಒಟಿಪಿ ಅಂಕಿಯನ್ನು ಯಾರಿಗೂ ಹೇಳಬೇಡಿ. ದುಡ್ಡು ಹೋಗಿಬಿಟ್ಟರೆ ತಡಮಾಡದೆ 1930 ನಂಬರಿಗೆ ಫೋನ್ ಮಾಡಿ. ಅದು ಸೈಬರ್ ಮೋಸದ ದೂರಿಗಾಗಿ ಸರ್ಕಾರ ಇಟ್ಟಿರುವ ನಂಬರ್.

ಮಾತಾಡೋ ಜಾಗ, ಕೆಲಸ ಮಾಡೋ ಜಾಗ

ವಾಟ್ಸಾಪ್ ಗೊತ್ತಿಲ್ಲದವರು ಈಗ ಕಡಿಮೆ. ಅದು 2009ರಲ್ಲಿ ಶುರುವಾಯಿತು. ಒಂದು ಗುಂಪಿನಲ್ಲಿ 1024 ಜನರವರೆಗೆ ಇರಬಹುದು. ಬರೆದು ಕಳಿಸಬಹುದು, ಮಾತಾಡಿ ಕಳಿಸಬಹುದು, ಫೋಟೊ ಕಳಿಸಬಹುದು. ಆದರೆ ಅದರಲ್ಲಿ ಮಾತು ಹೊಳೆ ನೀರಿನ ಹಾಗೆ ಹರಿದುಹೋಗುತ್ತದೆ. ಬೆಳಗ್ಗೆ ಹೇಳಿದ್ದು ಸಂಜೆಗೆ ಎಲ್ಲೋ ಮೇಲೆ ಹೋಗಿರುತ್ತದೆ.

ಒಂದು ಉದಾಹರಣೆ ಮಾಡಿಕೊಳ್ಳೋಣ. ಆರು ಜನ ನೇಕಾರರ ಗುಂಪು. ಒಬ್ಬ ವ್ಯಾಪಾರಿ 24 ಸೀರೆ ಕೇಳಿದ. ಒಂದು ಮಗ್ಗಕ್ಕೆ ನಾಲ್ಕು ಸೀರೆ. ಸೋಮವಾರ ಗುಂಪಿನಲ್ಲಿ "ಅಂಚು ಕೆಂಪು" ಅಂತ ಬಂತು. ಬುಧವಾರ ವ್ಯಾಪಾರಿ ಮನಸ್ಸು ಬದಲಿಸಿದ. "ಅಂಚು ಕಡುನೀಲಿ" ಅಂತ ಇನ್ನೊಂದು ಸಂದೇಶ ಬಂತು. ಆ ದಿನ ಯಾರದೋ ಮನೆಯಲ್ಲಿ ಹಬ್ಬ. ಹಬ್ಬದ ಫೋಟೊಗಳು, ಕೈ ಮುಗಿಯುವ ಚಿತ್ರಗಳು ನೂರಾರು ಬಂದವು. ನೀಲಿ ಅನ್ನೋ ಮಾತು ಅದರ ಅಡಿಗೆ ಬಿತ್ತು. ಐದು ಜನ ನೋಡಿದರು. ಒಬ್ಬ ನೋಡಲಿಲ್ಲ. ಶನಿವಾರ ಗುಂಪಿನ ಲೆಕ್ಕ ನೋಡಿಕೊಳ್ಳುವ ಅಕ್ಕ ಅವನ ಮನೆಗೆ ಹೋದಳು.

"ಏನಪ್ಪಾ ತಮ್ಮಾ, ಹಾಸು ಕೆಂಪಂಚಿಂದು ಏರಿಸಿದ್ದೀಯಲ್ಲ?"

"ಹೌದಕ್ಕಾ. ನೀವೇ ಕೆಂಪು ಅಂತ ಹಾಕಿದ್ರಲ್ಲ."

"ಆಮೇಲೆ ನೀಲಿ ಅಂತ ಹಾಕಿದೆ. ಬುಧವಾರ."

"ಬುಧವಾರ ಬರೀ ಹಬ್ಬದ ಫೋಟೊ ಬಂತು. ನಾನು ಫೋನು ಬದಿಗಿಟ್ಟು ಮಗ್ಗಕ್ಕೆ ಕೂತೆ."

ನೇಯ್ಗೆ ಗೊತ್ತಿರುವವರಿಗೆ ಇದರ ಕಷ್ಟ ಗೊತ್ತು. ಅಂಚಿನ ಬಣ್ಣ ಹಾಸಿನಲ್ಲೇ ಇರುತ್ತದೆ. ಹಾಸು ಮಗ್ಗಕ್ಕೆ ಏರಿದ ಮೇಲೆ ಬಣ್ಣ ಬದಲಿಸೋದು ಸುಲಭ ಅಲ್ಲ. ನೂಲಿನ ದುಡ್ಡು ಹೋಯಿತು, ದಿನಗೂಲಿ ಹೋಯಿತು. ನಾಲ್ಕು ಸೀರೆ ವ್ಯಾಪಾರಿ ತಗೊಳ್ಳದೆ ಉಳಿಯಿತು. ತಮ್ಮನೂ ಸುಳ್ಳು ಹೇಳಲಿಲ್ಲ, ಅಕ್ಕನೂ ಸುಳ್ಳು ಹೇಳಲಿಲ್ಲ. ಜಾಗ ಸರಿ ಇರಲಿಲ್ಲ, ಅಷ್ಟೆ.

ಇಂಥ ಕೆಲಸಕ್ಕೆ ಬೇಕಾದದ್ದು ಹಂಚಿಕೊಂಡ ಹಾಳೆ. ಗೂಗಲ್ ಶೀಟ್ಸ್ ಅನ್ನೋದು ಅಂಥದ್ದು. 2006ರಿಂದ ಇದೆ. ಗೂಗಲ್ ಖಾತೆ ಇದ್ದವರಿಗೆ ಇದಕ್ಕೆ ಬೇರೆ ಹಣ ಕೊಡಬೇಕಿಲ್ಲ. ಇಂಟರ್‌ನೆಟ್ ಮಾತ್ರ ಬೇಕು. ಅಂಗಡಿಯ ಲೆಕ್ಕದ ಪುಸ್ತಕದ ಹಾಗೆ ಅದರಲ್ಲಿ ಗೆರೆ, ಮನೆಗಳು ಇರುತ್ತವೆ. ವ್ಯತ್ಯಾಸ ಏನು ಅಂದರೆ ಪುಸ್ತಕ ಒಬ್ಬರ ಮನೆಯಲ್ಲಿರುತ್ತದೆ, ಈ ಹಾಳೆ ಆರು ಜನರ ಫೋನಿನಲ್ಲೂ ಒಂದೇ ಆಗಿ ಕಾಣುತ್ತದೆ. ಒಬ್ಬರು ತಿದ್ದಿದರೆ ಎಲ್ಲರಿಗೂ ತಿದ್ದಿದ್ದೇ ಕಾಣುತ್ತದೆ. "ಅಂಚಿನ ಬಣ್ಣ" ಅನ್ನೋ ಮನೆ ಒಂದೇ. ಅದರಲ್ಲಿ ಕೆಂಪು ಅಳಿಸಿ ನೀಲಿ ಬರೆದರೆ ಅಲ್ಲಿ ಇರೋದು ನೀಲಿ ಮಾತ್ರ. ಯಾವಾಗ ಬದಲಾಯಿತು, ಯಾರು ಬದಲಾಯಿಸಿದರು ಅಂತ ಹಿಂದಕ್ಕೆ ಹೋಗಿ ನೋಡಬಹುದು. ಯಾರು ಬರೀ ನೋಡಬೇಕು, ಯಾರು ತಿದ್ದಬಹುದು ಅಂತ ಹಾಳೆ ಮಾಡಿದವರು ಮೊದಲೇ ಗೊತ್ತು ಮಾಡಬಹುದು. ಜಗಳ ಆಗುವ ಕಡೆ ಇದು ದೊಡ್ಡ ಅನುಕೂಲ.

ಹಾಗಾದರೆ ವಾಟ್ಸಾಪ್ ಬೇಡವೆ? ಬೇಕು. "ಹಾಳೆ ತಿದ್ದಿದ್ದೀನಿ, ನೋಡಿಕೊಳ್ಳಿ" ಅಂತ ಕೂಗಿ ಹೇಳೋಕೆ ಅದೇ ಬೇಕು. ಹಬ್ಬದ ಫೋಟೊಗೆ ಒಂದು ಗುಂಪು, ಆರ್ಡರಿಗೆ ಇನ್ನೊಂದು ಗುಂಪು ಮಾಡಿಕೊಂಡರೆ ಇನ್ನೂ ಒಳ್ಳೆಯದು. ದೊಡ್ಡ ಸಾಫ್ಟ್‌ವೇರ್ ಕಂಪನಿಗಳಲ್ಲಿ ಸ್ಲಾಕ್ ಅನ್ನೋ ಸಾಧನ ಬಳಸುತ್ತಾರೆ. 2013ರಲ್ಲಿ ಬಂದದ್ದು. ಅದರ ಮುಖ್ಯ ಗುಣವೇ ಇದು: ಒಂದೊಂದು ವಿಷಯದ ಮಾತಿಗೆ ಒಂದೊಂದು ಕೋಣೆ. ಅದೇ ಬುದ್ಧಿಯನ್ನು ನಾವು ಎರಡು ವಾಟ್ಸಾಪ್ ಗುಂಪಿನಲ್ಲಿ ಮಾಡಿಕೊಳ್ಳಬಹುದು. ಟೆಲಿಗ್ರಾಂ ಕೂಡ 2013ರದ್ದೇ. ಅದರಲ್ಲಿ ಗುಂಪು ಇನ್ನೂ ದೊಡ್ಡದಾಗಿರಬಹುದು, ಫೋನ್ ನಂಬರ್ ಬೇರೆಯವರಿಗೆ ಕಾಣದ ಹಾಗೆ ಇಡಬಹುದು. ವಾಟ್ಸಾಪ್ ಗುಂಪಿನಲ್ಲಿ ಸಾಮಾನ್ಯವಾಗಿ ಉಳಿದವರಿಗೆ ನಂಬರ್ ಕಾಣುತ್ತದೆ. ಹೆಣ್ಣುಮಕ್ಕಳು ಗೊತ್ತಿಲ್ಲದವರ ಗುಂಪಿಗೆ ಸೇರುವಾಗ ಇದನ್ನು ಯೋಚಿಸಬೇಕು.

ಓದು ಬರದವರ ಮಾತು ಏನು?

ಹಾಳೆ ಒಳ್ಳೆಯದು ಅಂದೆವು. ಆದರೆ ಹಾಳೆ ಓದಲು ಅಕ್ಷರ ಬೇಕು. ಇದಕ್ಕೆ ತೇಣಿ ಜಿಲ್ಲೆಯ ಹೆಂಗಸರ ಕಥೆ ಕೇಳಿ. ಕಾಮನ್‌ವೆಲ್ತ್ ಆಫ್ ಲರ್ನಿಂಗ್ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆ 2004ರ ಹೊತ್ತಿಗೆ ತಮಿಳುನಾಡಿನಲ್ಲಿ ರೈತರಿಗೆ ಆಜೀವ ಕಲಿಕೆಯ ಕೆಲಸ ಶುರುಮಾಡಿತು. ತೇಣಿ ಜಿಲ್ಲೆಯಲ್ಲಿ ವಿಡಿಯಲ್ ಅನ್ನೋ ಸಂಸ್ಥೆ ಜೊತೆಯಾಯಿತು. ಬ್ಯಾಂಕ್ ಸಾಲ ಪಡೆದು ಆಡು ಕುರಿ ಸಾಕುವ ಹೆಂಗಸರು ಅದರಲ್ಲಿ ಸೇರಿದರು. ಅವರಲ್ಲಿ ಓದು ಕಡಿಮೆ ಇದ್ದವರು ಅನೇಕರು. ಹಾಗಾಗಿ ಪುಸ್ತಕ ಕೊಡುವುದರ ಬದಲು ಫೋನಿಗೆ ಧ್ವನಿ ಸಂದೇಶ ಕಳಿಸಿದರು. ಮೇವು ಹೇಗೆ ಹಾಕಬೇಕು, ಮರಿಗೆ ಕಾಯಿಲೆ ಬಂದರೆ ಏನು ಮಾಡಬೇಕು ಅಂತ ಚಿಕ್ಕ ಚಿಕ್ಕ ಮಾತು. ಆಡು ಮೇಯಿಸುತ್ತಾ ಕೇಳಿದರು, ಆಮೇಲೆ ಒಟ್ಟಿಗೆ ಕೂತು ಅದೇ ವಿಷಯ ಮಾತಾಡಿಕೊಂಡರು. ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶ ಬಂದದ್ದು 2013ರಲ್ಲಿ. ಅದಕ್ಕೂ ಮೊದಲೇ ನಮ್ಮ ಕಣಿವೆಯ ಹೆಂಗಸರು ಬರೀ ಬಟನ್ ಫೋನಿನಲ್ಲಿ ಈ ದಾರಿ ಹಿಡಿದಿದ್ದರು!

ನಮಗೆ ಇದರಲ್ಲಿ ಇನ್ನೊಂದು ವಿಷಯ ಇದೆ. ಕಂಬಂ ಕಣಿವೆಯ ಕಪ್ಪಿಲಿಯರ ಮನೆಗಳಲ್ಲಿ ಆಡೋದು ಕನ್ನಡ, ಶಾಲೆಯಲ್ಲಿ ಕಲಿತದ್ದು ತಮಿಳು ಅಕ್ಷರ. ಮನೆ ಮಾತು ಬಾಯಲ್ಲಿದೆ, ಕೈಯಲ್ಲಿ ಇಲ್ಲ. ಅಂಥವರು ಧ್ವನಿಯಲ್ಲಿ ಕನ್ನಡ ಕಳಿಸಿದರೆ ಅಜ್ಜಿಗೂ ತಿಳಿಯುತ್ತದೆ, ಮೈಸೂರಿನ ವ್ಯಾಪಾರಿಗೂ ಹೆಚ್ಚು ಕಡಿಮೆ ತಿಳಿಯುತ್ತದೆ. ಕನ್ನಡ ಅಕ್ಷರ ಕಲಿತ ಮೇಲೆ ಬರೆದೂ ಕಳಿಸಬಹುದು. ವಾಟ್ಸಾಪ್, ಶೀಟ್ಸ್ ಎರಡರಲ್ಲೂ ಕನ್ನಡ ಬರೆಯಬಹುದು. ಅಲ್ಲಿಯವರೆಗೆ ಒಂದು ಉಪಾಯ: ಹಾಳೆಯಲ್ಲಿ ಅಂಕಿ ಹೆಚ್ಚು ಬಳಸಿ. 24 ಅಂತ ಬರೆದರೆ ತಮಿಳು ಓದಿದವರಿಗೂ ಕನ್ನಡ ಓದಿದವರಿಗೂ ಅದು 24 ತಾನೆ. ಬಣ್ಣಕ್ಕೆ ಹೆಸರಿನ ಜೊತೆ ಆ ಮನೆಗೇ ಬಣ್ಣ ಬಳಿದುಬಿಡಿ. ನೀಲಿಯನ್ನು ಯಾರೂ ಕೆಂಪು ಅಂತ ಓದಲಾರರು.

ಆದರೆ ಧ್ವನಿಯಲ್ಲಿ ಬೆಲೆ ಗೊತ್ತು ಮಾಡಬೇಡಿ. ಮಾತಾಡಿ, ಆಮೇಲೆ ಅಂಕಿ ಬರೆದು ಕಳಿಸಿ.

ಬೋಡಿಯಲ್ಲಿ ನಡೆದ ಬದಲಾವಣೆ

ಬೋಡಿನಾಯಕನೂರಿನ ಏಲಕ್ಕಿ ಹರಾಜು ಮೊದಲು ಬಾಯಲ್ಲಿ ಕೂಗಿ ನಡೀತಿತ್ತು. 2007ರಲ್ಲಿ ಸ್ಪೈಸಸ್ ಬೋರ್ಡ್, ಅಂದರೆ ಸಾಂಬಾರ ಮಂಡಳಿ, ಕಂಪ್ಯೂಟರ್ ಹರಾಜು ತಂದಿತು. ವ್ಯಾಪಾರಿಗಳು ಕಾಯಿಯ ಮಾದರಿ ಕೈಯಲ್ಲಿ ನೋಡಿ, ಕಂಪ್ಯೂಟರಿನಲ್ಲಿ ಬೆಲೆ ಒತ್ತುತ್ತಾರೆ. ಯಾವ ರಾಶಿಗೆ ಎಷ್ಟು ಬೆಲೆ ಬಂತು ಅನ್ನೋದು ದಾಖಲೆಯಾಗಿ ಉಳಿಯುತ್ತದೆ. ಇಂದಿನ ಬೆಲೆ ಏನು ಅಂತ ಬೆಳೆಗಾರರ ಫೋನ್ ಗುಂಪುಗಳಲ್ಲಿ ಮಾತು ಓಡಾಡಬಹುದು. ಅದು ಸುದ್ದಿ. ಹರಾಜಿನ ದಾಖಲೆಯಲ್ಲಿ ಇರೋದು ಬೆಲೆ. ಗುಂಪಿನಲ್ಲಿ ಯಾರೋ "ನಾಳೆ ಬೆಲೆ ಬಿದ್ದುಹೋಗುತ್ತೆ" ಅಂದರು ಅಂತ ಇಂದೇ ಮಾಲು ಅಗ್ಗಕ್ಕೆ ಕೊಟ್ಟುಬಿಡೋ ಮೊದಲು ದಾಖಲೆ ಕೇಳಿ.

ತಾಣ ಮುಚ್ಚಿದರೆ?

ಈ ತಾಣಗಳು ಯಾವುದೂ ನಮ್ಮ ಸ್ವಂತದ್ದಲ್ಲ. ಬಾಡಿಗೆ ಮನೆ ಇದ್ದ ಹಾಗೆ. ಆರ್ಕುಟ್ ಎಷ್ಟು ಹೆಸರಾಗಿತ್ತು, 2014ರಲ್ಲಿ ಮುಚ್ಚಿತು. ಗೂಗಲ್ ಪ್ಲಸ್ 2019ರಲ್ಲಿ, ಯಾಹೂ ಗ್ರೂಪ್ಸ್ 2020ರಲ್ಲಿ, ಸ್ಕೈಪ್ 2025ರಲ್ಲಿ ಮುಚ್ಚಿದವು. ಹಾಗಾಗಿ ತಿಂಗಳಿಗೊಮ್ಮೆ ಹಾಳೆಯ ಒಂದು ಪ್ರತಿ ತೆಗೆದಿಡಿ. ಗಿರಾಕಿಗಳ ಹೆಸರು, ನಂಬರು ಒಂದು ನೋಟ್‌ಬುಕ್ಕಿನಲ್ಲೂ ಇರಲಿ. ಕಾಗದದ ಪುಸ್ತಕಕ್ಕೆ ಕರೆಂಟು ಬೇಡ.

ಮಾಡಿ ನೋಡಿ

ಕಲಿಕೆಯ ಕೇಂದ್ರದಲ್ಲಿ ಐದಾರು ಜನ ಸೇರಿ. ಒಬ್ಬರು ಒಂದು ಆರ್ಡರನ್ನು ಧ್ವನಿಯಲ್ಲಿ ಹೇಳಲಿ. ಎಷ್ಟು, ಯಾವ ಬಣ್ಣ, ಯಾವ ದಿನಕ್ಕೆ ಅಂತ. ಇನ್ನೊಬ್ಬರು ಅದನ್ನು ಕೇಳಿ ಹಾಳೆಯಲ್ಲಿ ತುಂಬಲಿ. ಮೂರನೆಯವರು ಧ್ವನಿ ಕೇಳದೆ ಬರೀ ಹಾಳೆ ಓದಿ ಹೇಳಲಿ. ಎರಡೂ ಒಂದೇ ಬಂತೆ? ಬರದಿದ್ದರೆ ಎಲ್ಲಿ ತಪ್ಪಿತು ಅಂತ ಹುಡುಕಿ.

ಇನ್ನು ಆ ನಾಲ್ಕು ಕೆಂಪಂಚಿನ ಸೀರೆ. ಅದರ ನಷ್ಟವನ್ನು ತಮ್ಮ ಒಬ್ಬನೇ ಹೊರಬೇಕೆ, ಅಕ್ಕ ಹೊರಬೇಕೆ, ಆರು ಜನ ಹಂಚಿಕೊಳ್ಳಬೇಕೆ? ನಿಮ್ಮ ಗುಂಪಿನಲ್ಲಿ ಆಗಿದ್ದರೆ ನೀವು ಏನು ಮಾಡುತ್ತಿದ್ದಿರಿ? ಮಾತಾಡಿ, ತೀರ್ಮಾನವನ್ನು ಎರಡು ವಾಕ್ಯದಲ್ಲಿ ಬರೆಯಿರಿ.